ತಿಪ್ಪೆಯ ಬೂದಿಯಿಂದ ಗೋದಾಮಿನ ಚೀಲದವರೆಗೆ: ನಮ್ಮ ಭಾಗದ ಗೆಣಸಿನ ಕತೆ

ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಬರೆದಿದ್ದಾರೆ. ಷೇರು, ಠೇವಣಿ, ಸಾಲ ವಸೂಲಿ ಇವುಗಳ ಲೆಕ್ಕ ಅಲ್ಲಿ ಸಿಗುತ್ತದೆ. ಸಂಪಾದಕ ಮಂಡಳಿಯವರು ನಮಗೆ ಮಾತ್ರ "ನೀವು ಗೆಣಸಿನ ಮ್ಯಾಲ ಬರೀರಿ, ಅದು ನಿಮಗ ಗೊತ್ತೈತಿ" ಅಂದರು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ. ವರೆಗಿನದು. ಆದರೂ ಒಪ್ಪಿಕೊಂಡೆವು. ಯಾಕೆಂದರೆ ಗೆಣಸಿನ ಕತೆ ಹೇಳಹೊರಟರೆ ಗೊಬ್ಬರದ ಕತೆ ಬಂದೇ ಬರುತ್ತದೆ, ಗೊಬ್ಬರದ ಕತೆ ಅಂದರೆ ಅರ್ಧ ನಮ್ಮ ಸಂಘದ ಗೋದಾಮಿನ ಕತೆಯೇ.

ಮೊದಲು ಹೆಸರಿನಿಂದ ಶುರು ಮಾಡೋಣ. ಗೆಣಸು ಎಂಬ ಶಬ್ದ ನಮ್ಮದೇ, ಬಹಳ ಹಳೆಯದು. ತಮಿಳಿನ ಕಿಳಂಗು ಎಂಬ ಶಬ್ದದ ಸಂಬಂಧಿ. ಆದರೆ ನಾವು ಇವತ್ತು ಬೋದಿನ ಮೇಲೆ ನಾಟಿ ಮಾಡುವ ಈ ಬಳ್ಳಿ ನಮ್ಮ ನೆಲದ್ದಲ್ಲ. ಅದರ ತವರು ಅಮೆರಿಕ ಖಂಡದ ಬಿಸಿ ಸೀಮೆ. ಅಲ್ಲಿಂದ ಸ್ಪೇನ್, ಪೋರ್ಚುಗಲ್ ದೇಶದ ಹಡಗಿನವರ ಕೈಗೆ ಬಂದು, ಅವರ ಮೂಲಕ ಏಷ್ಯಾಕ್ಕೆ ಬಂತು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೂ ಮುಂಚೆ ನಮ್ಮವರು ಗೆಣಸು ಅಂದಾಗ ಕಾಡಿನಲ್ಲಿ ಅಗೆದು ತಿನ್ನುವ ಗಡ್ಡೆಗಳ ಮಾತಾಡುತ್ತಿದ್ದರು. ಹೊಸ ಗಡ್ಡೆ ಬಂದು ಹಳೆಯ ಹೆಸರನ್ನು ಹಿಡಿದುಕೊಂಡಿತು. ಇನ್ನೊಂದು ತಮಾಷೆ ನೋಡಿ. ಅಮೆರಿಕದ ಮೂಲ ಜನ ಗೆಣಸಿಗೇ 'ಬಟಾಟಾ' ಅನ್ನುತ್ತಿದ್ದರು. ಆ ಹೆಸರು ನಮ್ಮ ಕಡೆ ಬರುವಷ್ಟರಲ್ಲಿ ಆಲೂಗಡ್ಡೆಗೆ ಅಂಟಿಕೊಂಡು ಬಟಾಟಿ ಆಯಿತು. ಮರಾಠಿ ಮಾತಾಡುವ ನಮ್ಮ ನೆರೆಯವರು ಗೆಣಸಿಗೆ ರತಾಳೆ ಅಂತಾರೆ. ಪೇಟೆಯಲ್ಲಿ ಎರಡೂ ಹೆಸರು ನಡೆಯುತ್ತವೆ.

ಕರ್ನಾಟಕದಲ್ಲಿ ಗೆಣಸು ಅಂದರೆ ಬೆಳಗಾವಿ ಜಿಲ್ಲೆಯ ಹೆಸರೇ ಮುಂದೆ ಬರುತ್ತದೆ. ಅದರಲ್ಲೂ ಬೆಳಗಾವಿ ತಾಲೂಕಿನ ಪಡುವಣ ಭಾಗ ಮತ್ತು ಖಾನಾಪುರ ತಾಲೂಕಿನ ಮಸಾರಿ ನೆಲ. ಮುಂಗಾರು ಹಿಡಿದ ಮೇಲೆ ನಾಟಿ, ಸುಮಾರು 4 ತಿಂಗಳಿಗೆ ಕೀಳುವುದು. ನೀರಾವರಿ ಇಲ್ಲದ ಒಕ್ಕಲಿಗನಿಗೂ ಕೈಯಲ್ಲಿ ರೊಕ್ಕ ಆಡುವ ಬೆಳೆ. ಬೆಳಗಾವಿಯ ಎ.ಪಿ.ಎಂ.ಸಿ.ಯಿಂದ ನಮ್ಮ ಕೆಂಪು ಸಿಪ್ಪೆಯ ಗೆಣಸು ಲಾರಿ ಹತ್ತಿ ದಿಲ್ಲಿಯ ಕಡೆಗೆ ಹೋಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆರಸ, ಮಸಾಲೆ ಹಾಕಿ ಬೀದಿಯಲ್ಲಿ ಮಾರುತ್ತಾರೆ. ಕಾರ್ತಿಕದ ಏಕಾದಶಿಗೆ, ಬಿಹಾರದ ಕಡೆಯವರ ಛಠ್ ಪೂಜೆಗೆ ಗೆಣಸು ಬೇಕೇ ಬೇಕು. ನಮ್ಮಲ್ಲಿ ಶಿವರಾತ್ರಿಯ ಉಪವಾಸಕ್ಕೆ, ಮೈಸೂರು ಕಡೆ ಸಂಕ್ರಾಂತಿಗೆ. ಹೋಳಿಗೆಯ ಮಾತು ಬೇರೆ ಹೇಳಬೇಕಿಲ್ಲ.

ಈಗ ನಮ್ಮ ಅಜ್ಜಂದಿರು ಇದನ್ನು ಹೇಗೆ ಬೆಳೆಯುತ್ತಿದ್ದರು ಎಂಬ ಮಾತಿಗೆ ಬರೋಣ. ಚೀಲದ ಗೊಬ್ಬರ ಅವರು ಕಂಡಿರಲಿಲ್ಲ. ಇದ್ದದ್ದು ತಿಪ್ಪೆ ಒಂದೇ. ಆ ತಿಪ್ಪೆಗೆ ಏನು ಬೀಳುತ್ತಿತ್ತು ಎಂಬುದನ್ನು ನಾವೆಲ್ಲ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ದನದ ಸೆಗಣಿ ಸರಿಯೇ. ಗೋದಲಿಯಲ್ಲಿ ಉಳಿದ ಮೇವು, ದನದ ಕಾಲಡಿ ಹಾಸಿದ ಒಣ ಎಲೆ, ಆ ಎಲೆ ಕುಡಿದ ಗಂಜಲ. ಇದರ ಮೇಲೆ ದಿನಾ ಬೆಳಿಗ್ಗೆ ಮನೆಯ ಹೆಣ್ಣುಮಕ್ಕಳು ಒಲೆಯ ಬೂದಿ ಬಳಿದು ಬುಟ್ಟಿಯಲ್ಲಿ ತಂದು ಸುರುವುತ್ತಿದ್ದರು. ಅಡುಗೆ ಒಲೆ, ನೀರೊಲೆ, ಎರಡರದ್ದೂ. ವರ್ಷವಿಡೀ ಹೀಗೆ ನಡೆದ ಮೇಲೆ ಬೇಸಿಗೆಯಲ್ಲಿ ಚಕ್ಕಡಿ ಕಟ್ಟಿ ಹೊಲಕ್ಕೆ ಹೊಡೆಯುವುದು. "ಗೆಣಸಿಗೆ ಹುಡಿ ಮಣ್ಣು ಬೇಕು, ಬೂದಿ ಗೊಬ್ಬರ ಬೇಕು" ಎಂದು ಊರ ಹಿರಿಯರು ಹೇಳುತ್ತಿದ್ದುದನ್ನು ನಾವು ಕೇಳಿ ಬೆಳೆದಿದ್ದೇವೆ. ಯಾಕೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದರ ಉತ್ತರ ಗೋದಾಮಿನ ಚೀಲದ ಮೇಲೇ ಇದೆ. ಪೊಟ್ಯಾಷ್ ಎಂಬುದು ಇಂಗ್ಲಿಷಿನ ಎರಡು ಶಬ್ದ ಕೂಡಿ ಆದದ್ದು, ಅರ್ಥ 'ಗಡಿಗೆಯ ಬೂದಿ'. ಹಿಂದೆ ಯುರೋಪಿನವರು ಕಟ್ಟಿಗೆ ಬೂದಿಯನ್ನು ನೀರಲ್ಲಿ ಕಲಸಿ, ಸೋಸಿ, ಆ ನೀರನ್ನು ಗಡಿಗೆಯಲ್ಲಿ ಕಾಯಿಸಿ ಬತ್ತಿಸಿ ಇದನ್ನು ತೆಗೆಯುತ್ತಿದ್ದರು. ಅಂದರೆ ನಮ್ಮ ಅಜ್ಜಿಯಂದಿರು ದಿನಾ ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕುತ್ತಿದ್ದದ್ದು ಪೊಟ್ಯಾಷೇ. ದನ ತಿಂದ ಮೇವಿನಲ್ಲಿದ್ದ ಪೊಟ್ಯಾಷಿನ ಹೆಚ್ಚು ಪಾಲು ಹೊರಬರುವುದೂ ಸೆಗಣಿಯಲ್ಲಲ್ಲ, ಗಂಜಲದಲ್ಲಿ. ಕಾಲಡಿಯ ಎಲೆ ಹಾಸು ಅದನ್ನು ಹಿಡಿದಿಡುತ್ತಿತ್ತು.

ಗೆಣಸು ನೆಲದಿಂದ ಸಾರಜನಕಕ್ಕಿಂತ ಹೆಚ್ಚು ಪೊಟ್ಯಾಷ್ ಎಳೆಯುವ ಬೆಳೆ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆಯನ್ನು ಬಳ್ಳಿಯಿಂದ ಕೆಳಗಿಳಿಸಿ ಗಡ್ಡೆಯಲ್ಲಿ ಹಿಟ್ಟಾಗಿ ತುಂಬಿಡುವ ಕೆಲಸಕ್ಕೆ ಪೊಟ್ಯಾಷ್ ಬೇಕು. ಅದು ಕಡಿಮೆಯಾದರೆ ಬಳ್ಳಿ ಇರುತ್ತದೆ, ಗಡ್ಡೆ ಉದ್ದಕ್ಕೆ ಸಣ್ಣಗೆ ಉಳಿಯುತ್ತದೆ. ನಮ್ಮ ಮಸಾರಿ ನೆಲಕ್ಕೆ ಇನ್ನೊಂದು ಕಷ್ಟ ಇದೆ. ಜೋರು ಮಳೆಗೆ ಪೊಟ್ಯಾಷ್ ಕೆಳಗೆ ಬಸಿದು ಹೋಗುತ್ತದೆ. ಎರಿ ಭೂಮಿಯಲ್ಲಿ ಹಾಗಲ್ಲ, ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂಡಣ ತಾಲೂಕಿನ ಎರಿ ನೆಲದ ಬೀಗರು ಬಂದು "ನಮಗ ಪೊಟ್ಯಾಷ್ ಹಾಕದಿದ್ರೂ ನಡೀತದ, ನಿಮಗ್ಯಾಕ ಬೇಕು" ಅಂದರೆ ಅವರ ಹೊಲಕ್ಕೆ ಆ ಮಾತು ಸರಿ ಇರಬಹುದು, ನಮ್ಮದಕ್ಕೆ ಅಲ್ಲ.

ಬಡ ನೆಲದಲ್ಲಿ ಗೆಣಸಿಗೆ ಏನು ಹಾಕಬೇಕು ಎಂಬ ಪ್ರಶ್ನೆ ನಮ್ಮ ಒಬ್ಬರದೇ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗೀ ಶಾಲೆಗೆ 1896ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಕೃಷಿ ವಿಜ್ಞಾನಿ ಬಂದರು. ಗುಲಾಮಗಿರಿಯಲ್ಲಿ ಹುಟ್ಟಿ ಮೇಲೆ ಬಂದ ಮನುಷ್ಯ. ಅಲ್ಲಿಯ ನೆಲ ವರ್ಷ ವರ್ಷ ಹತ್ತಿ ಹಾಕಿ ಸವೆದು ಹೋಗಿತ್ತು, ರೈತರ ಕೈಯಲ್ಲಿ ಗೊಬ್ಬರ ಕೊಳ್ಳಲು ರೊಕ್ಕ ಇರಲಿಲ್ಲ. ಅವರು ರೈತರಿಗಾಗಿ ತೆಗೆದ ಮೊದಮೊದಲ ಪುಸ್ತಿಕೆಗಳಲ್ಲಿ ಒಂದು, 1898ರದ್ದು, ಗೆಣಸಿನ ಪ್ರಯೋಗಗಳ ಮೇಲೆಯೇ. ಕಾಡಿನ ಎಲೆ, ಜೌಗಿನ ಕಪ್ಪು ಮಣ್ಣು, ಕೊಟ್ಟಿಗೆ ಗೊಬ್ಬರ ಕೂಡಿಸಿ ಕೊಳೆಸಿ ಹಾಕಿ, ನಡುವೆ ಅಲಸಂದಿ ಬೆಳೆಯಿರಿ ಎಂದು ಅವರು ಬಡ ರೈತರಿಗೆ ಹೇಳುತ್ತ ಹೋದರು. ಓದು ಬಾರದವರಿಗಾಗಿ 1906ರಲ್ಲಿ ಒಂದು ಗಾಡಿಯಲ್ಲಿ ಸಲಕರಣೆ ಹಾಕಿಕೊಂಡು ಊರೂರಿಗೆ ಕಲಿಸುವ ವ್ಯವಸ್ಥೆಯೂ ಶುರುವಾಯಿತು. ನಮ್ಮ ಕಡೆಯ ಮುದುಕರು ಇದನ್ನು ಕೇಳಿದ್ದರೆ, ಇದರಲ್ಲೇನು ಹೊಸದು ಅಂತ ನಗುತ್ತಿದ್ದರೇನೋ.

ಚೀಲದ ಗೊಬ್ಬರ ನಮ್ಮ ಭಾಗಕ್ಕೆ ಧಾರಾಳವಾಗಿ ಬಂದದ್ದು 1970ರ ದಶಕದಿಂದ ಈಚೆಗೆ. ಗೋವಾದ ಜುವಾರಿ ಕಾರ್ಖಾನೆ, ಮಂಗಳೂರಿನ ಪಣಂಬೂರಿನ ಕಾರ್ಖಾನೆ ಎರಡೂ ಆ ದಶಕದಲ್ಲೇ ಶುರುವಾದವು. ಯೂರಿಯಾ ಮಾಡುವ ಚಮತ್ಕಾರ ಕಣ್ಣಿಗೆ ಕಾಣುವಂಥದ್ದು. ಹಾಕಿದ ವಾರಕ್ಕೆ ಬೆಳೆ ಹಸಿರೇರುತ್ತದೆ. ಭತ್ತ, ಜೋಳ, ಕಬ್ಬಿಗೆ ಅದು ಬಂದದ್ದು ಉಪಕಾರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭತ್ತಕ್ಕೆ ಹಾಕಿದ ಕೈ ಗೆಣಸಿಗೂ ಅದೇ ಅಳತೆಯಲ್ಲಿ ಹಾಕಲು ಕಲಿಯಿತು. ಗೆಣಸಿನ ಸ್ವಭಾವ ಬೇರೆ. ನಾಟಿಯಾದ ಮೊದಲ 30-40 ದಿನದಲ್ಲಿ ಬಳ್ಳಿಯ ಬೇರುಗಳಲ್ಲಿ ಯಾವುದು ಗಡ್ಡೆಯಾಗಬೇಕು, ಯಾವುದು ಬರೀ ಬೇರಾಗಿ ಉಳಿಯಬೇಕು ಎಂಬುದು ನಿರ್ಧಾರವಾಗಿಬಿಡುತ್ತದೆ. ಆ ಹೊತ್ತಿನಲ್ಲಿ ಸಾರಜನಕ ಅತಿಯಾದರೆ, ಅಥವಾ ನೀರು ನಿಂತು ಬೇರಿಗೆ ಗಾಳಿ ಇಲ್ಲದಾದರೆ, ಬೇರು ಗಟ್ಟಿ ನಾರಾಗಿ ಇಲಿ ಬಾಲದ ಹಾಗೆ ಉಳಿಯುತ್ತದೆ. ಆಮೇಲೆ ಎಷ್ಟು ಉಪಚಾರ ಮಾಡಿದರೂ ಅದು ಗಡ್ಡೆಯಾಗುವುದಿಲ್ಲ. ಮೇಲೆ ನೋಡಿದರೆ ಹೊಲ ತುಂಬ ಬಳ್ಳಿ, ರಸ್ತೆಯಲ್ಲಿ ಹೋಗುವವರು ನಿಂತು ಹೊಗಳುವಂಥದ್ದು. ಅಗೆದರೆ ದನದ ಮೇವಷ್ಟೇ.

ಇಷ್ಟಿದ್ದೂ ಗೆಣಸು ಕೆಟ್ಟು ಹೋಗಲಿಲ್ಲ. ತಿಪ್ಪೆ ಇನ್ನೂ ಇತ್ತು, ಪೊಟ್ಯಾಷ್ ಚೀಲವೂ ಅಗ್ಗವಿತ್ತು. ನಿಜವಾದ ತಿರುವು ಬಂದದ್ದು ಹೊಲದಿಂದಲ್ಲ, ಬೆಲೆಪಟ್ಟಿಯಿಂದ.

1992ರ ಆಗಸ್ಟ್ 25ರಂದು ಕೇಂದ್ರ ಸರಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣ ತೆಗೆಯಿತು. ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲೇ ಇಟ್ಟು, ಅದರ ಬೆಲೆಯನ್ನು ನೂರಕ್ಕೆ 10ರಷ್ಟು ಇಳಿಸಿತು. ಪೊಟ್ಯಾಷ್ ಬೆಲೆ ಎರಡು ಪಟ್ಟಿಗೂ ಮೀರಿತು. ನಮ್ಮ ದೇಶದಲ್ಲಿ ಪೊಟ್ಯಾಷ್ ತೆಗೆಯುವ ಗಣಿ ಇಲ್ಲ, ಆ ಗೊಬ್ಬರವೆಲ್ಲ ಹೊರದೇಶದಿಂದಲೇ ಬರಬೇಕು. 1991-92ರಲ್ಲಿ ದೇಶದ ರೈತರು ಒಂದು ಪಾಲು ಪೊಟ್ಯಾಷಿಗೆ 5.9 ಪಾಲು ಸಾರಜನಕ ಹಾಕುತ್ತಿದ್ದರು. ಮರುವರ್ಷವೇ ಅದು 9.5 ಪಾಲಾಯಿತು. ಒಂದೇ ವರ್ಷದಲ್ಲಿ! ಯಾವ ಬೆಳೆಯೂ ತನ್ನ ಹಸಿವನ್ನು ಒಂದು ವರ್ಷದಲ್ಲಿ ಬದಲಾಯಿಸಿಕೊಳ್ಳುವುದಿಲ್ಲ. ಬದಲಾದದ್ದು ರೈತನ ಕಿಸೆಯ ಲೆಕ್ಕ.

ಆಮೇಲೆ ಸಬ್ಸಿಡಿ ಕೊಟ್ಟು ಸ್ವಲ್ಪ ಸರಿಮಾಡಿದರು. 2010ಕ್ಕೆ ಮೊದಲು ನಮ್ಮ ಸದಸ್ಯರು 50 ಕಿಲೋ ಪೊಟ್ಯಾಷ್ ಚೀಲವನ್ನು ಸುಮಾರು 223 ರೂಪಾಯಿಗೆ, 50 ಕಿಲೋ ಯೂರಿಯಾವನ್ನು ಸುಮಾರು 241 ರೂಪಾಯಿಗೆ ಒಯ್ದದ್ದು ಹಲವರಿಗೆ ನೆನಪಿರಬಹುದು. ಪೊಟ್ಯಾಷೇ ಅಗ್ಗ! 2010ರ ಏಪ್ರಿಲ್‌ನಲ್ಲಿ ಹೊಸ ಸಬ್ಸಿಡಿ ಪದ್ಧತಿ ಬಂದು ಯೂರಿಯಾ ಬಿಟ್ಟು ಉಳಿದದ್ದರ ಬೆಲೆ ಮತ್ತೆ ಸಡಿಲವಾಯಿತು. ಎರಡು ಮೂರು ವರ್ಷದಲ್ಲಿ ಪೊಟ್ಯಾಷ್ ಚೀಲ 800 ದಾಟಿತು. 2022ರಲ್ಲಿ 1,700 ರೂಪಾಯಿಗೆ ಮುಟ್ಟಿತು. ಯೂರಿಯಾ ಚೀಲ 2018ರಿಂದ 45 ಕಿಲೋದ್ದಾಯಿತು, ಬೆಲೆ 266 ರೂಪಾಯಿ 50 ಪೈಸೆ.

ಚೀಲದ ಬೆಲೆ ನೋಡಿದರೆ ಪೂರ್ತಿ ತಿಳಿಯುವುದಿಲ್ಲ, ಒಳಗಿನ ಸತ್ವದ ಲೆಕ್ಕ ಹಾಕಬೇಕು. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ, ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ 60 ಪೊಟ್ಯಾಷ್. 2010ಕ್ಕೆ ಮೊದಲು ಒಂದು ಕಿಲೋ ಸಾರಜನಕಕ್ಕೆ ಸುಮಾರು ಹತ್ತೂವರೆ ರೂಪಾಯಿ, ಒಂದು ಕಿಲೋ ಪೊಟ್ಯಾಷಿಗೆ ಏಳೂವರೆಗೂ ಕಡಿಮೆ ಬೀಳುತ್ತಿತ್ತು. 2022ರಲ್ಲಿ ಸಾರಜನಕ 13 ರೂಪಾಯಿ ಒಳಗೇ ಉಳಿದು, ಪೊಟ್ಯಾಷ್ 56 ರೂಪಾಯಿ ದಾಟಿತು. ಗೆಣಸಿಗೆ ಹೆಚ್ಚು ಬೇಕಾದದ್ದು ತುಟ್ಟಿ, ಅತಿಯಾದರೆ ಕೆಡಿಸುವಂಥದ್ದು ಅಗ್ಗ. ಬಡವ ಯಾವುದಕ್ಕೆ ಕೈ ಹಾಕುತ್ತಾನೆ ಎಂದು ಬೇರೆ ಹೇಳಬೇಕೇ?

ಅದೇ ಕಾಲಕ್ಕೆ ತಿಪ್ಪೆಯೂ ಸೊರಗಿತು. ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಅಡುಗೆ ಗ್ಯಾಸ್ ಮೊದಲೇ ಬರುತ್ತಿತ್ತು, 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಬಂತು. ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರಿಗೆ ಅದು ದೊಡ್ಡ ಬಿಡುಗಡೆ, ಬೂದಿಗಾಗಿ ಒಲೆ ಊದಿರಿ ಎಂದು ನಾವು ಹೇಳುವವರಲ್ಲ. ಆದರೆ ಬೂದಿ ಹೋದ ಜಾಗಕ್ಕೆ ಬೇರೆ ಏನೂ ಬರಲಿಲ್ಲ ಎಂಬುದು ಲೆಕ್ಕಕ್ಕೆ ಬರಬೇಕಲ್ಲ. ಬಳ್ಳಿಯನ್ನು ಮೇವಿಗೆ ಮಾರಿಕೊಳ್ಳುವ ರೂಢಿಯೂ ಇದಕ್ಕೆ ಕೂಡಿತು. ಬಳ್ಳಿಯ ಜೊತೆ ಪೊಟ್ಯಾಷೂ ಹೊಲ ಬಿಟ್ಟು ಹೋಗುತ್ತದೆ. ಬಳ್ಳಿ ತಿಂದ ದನದ ಗೊಬ್ಬರ ಅದೇ ಹೊಲಕ್ಕೆ ತಿರುಗಿ ಬಂದರೆ ಮಾತು ಬೇರೆ.

ಇದರ ಪರಿಣಾಮ ತೂಕದಲ್ಲಿ ಅಷ್ಟೇ ಅಲ್ಲ, ಮಾಲಿನ ಗುಣದಲ್ಲೂ ಕಾಣುತ್ತದೆ. ದಿಲ್ಲಿ ಪೇಟೆಗೆ ಬೇಕಾದದ್ದು ನಡುಗಾತ್ರದ, ಕೆಂಪು ಬಣ್ಣದ, ಸಿಪ್ಪೆ ನುಣುಪಾದ ಗೆಣಸು. ಯೂರಿಯಾ ಉಂಡ ಗೆಣಸು ನೀರು ನೀರಾಗಿ, ಉದ್ದಕ್ಕೆ ಬೆಳೆದು, ಲಾರಿಯ ಚೀಲದಲ್ಲಿ ಬೇಗ ಕೊಳೆಯುತ್ತದೆ. ಅಡತಿ ಅಂಗಡಿಯಲ್ಲಿ ಆರಿಸಿ ಮೂರು ರಾಶಿ ಮಾಡಿದಾಗ ಯಾವ ರಾಶಿಗೆ ಬಿತ್ತು ಎಂಬುದರ ಮೇಲೆ ರೈತನ ವರ್ಷ ನಿಂತಿರುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಗಡ್ಡೆ ಬೆಳೆಗಳಿಗೆಂದೇ ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಕೇಂದ್ರ ಸಂಶೋಧನಾ ಸಂಸ್ಥೆ ಶುರುವಾಯಿತು. ಅವರ ಶಿಫಾರಸು ಹೆಕ್ಟೇರಿಗೆ 5 ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ 50 ಕಿಲೋ ಸಾರಜನಕ, 25 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ 20, 10, 20 ಕಿಲೋ ಆಯಿತು. ಗೋದಾಮಿನ ಭಾಷೆಯಲ್ಲಿ ಹೇಳುವುದಾದರೆ ಎಕರೆಗೆ 2 ಟನ್ ತಿಪ್ಪೆ ಗೊಬ್ಬರ, 10:26:26 ಒಂದು ಚೀಲ, ಪೊಟ್ಯಾಷ್ 12 ಕಿಲೋ, ಯೂರಿಯಾ 30 ಕಿಲೋ. ಇದರಲ್ಲಿ ಯೂರಿಯಾ 10 ಕಿಲೋ ಮಾತ್ರ ನಾಟಿಯ ಹೊತ್ತಿಗೆ ಉಳಿದದ್ದರ ಜೊತೆ, ಇನ್ನು 20 ಕಿಲೋ ತಿಂಗಳಾದ ಮೇಲೆ ಕಳೆ ತೆಗೆದು ಮಣ್ಣೇರಿಸುವಾಗ. ಒಂದು ಎಕರೆಗೆ ಒಂದು ಚೀಲ ಯೂರಿಯಾ ಸಹ ಪೂರ್ತಿ ಬೇಕಾಗುವುದಿಲ್ಲ ಎಂಬುದನ್ನು ಗಮನಿಸಿ. ತಿಪ್ಪೆ ಗೊಬ್ಬರ ಹೆಚ್ಚಿಗೆ ಬಿದ್ದ ಹೊಲಕ್ಕೆ ಇನ್ನೂ ಕಡಿಮೆ ಸಾಕು.

ಗೊಬ್ಬರ ಸರಿ ಹಾಕಿ ಬೇಸಾಯ ಬಿಟ್ಟರೂ ಆಗುವುದಿಲ್ಲ. ಬೋದು ಎತ್ತರವಿರಬೇಕು, ಎರಡು ಅಡಿಗೊಂದು ಬೋದು, ಬಳ್ಳಿ ಬಳ್ಳಿಗೆ ಮುಕ್ಕಾಲಡಿ ಸಾಕು. ನಾಟಿಗೆ ಬಳ್ಳಿಯ ತುದಿ ಕಡೆಯ ತುಂಡೇ ಒಳ್ಳೆಯದು. ಬುಡದ ಕಡೆಯ ಬಲಿತ ಬಳ್ಳಿಯಲ್ಲಿ ಮೂತಿ ಹುಳದ ತತ್ತಿ ಇರುತ್ತದೆ, ಅದನ್ನೇ ನೆಟ್ಟರೆ ಶತ್ರುವನ್ನು ಕೈಯಾರೆ ಹೊಲಕ್ಕೆ ಕರೆತಂದಂತೆ. ಈ ಹುಳ ಬೋದಿನ ಬಿರುಕಿನಿಂದ ಗಡ್ಡೆಗೆ ಇಳಿಯುತ್ತದೆ. ಅದಕ್ಕೇ ಎರಡನೇ ತಿಂಗಳಲ್ಲಿ ಇನ್ನೊಮ್ಮೆ ಮಣ್ಣೇರಿಸಿ ಬಿರುಕು ಮುಚ್ಚುವುದು. ಗಂಡು ಹುಳವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳೂ ಬಂದಿವೆ. ಹುಳ ಹೊಕ್ಕ ಗೆಣಸು ಕಹಿಯಾಗುತ್ತದೆ. ಹಾಗೆ ಕೊಳೆತ, ಬೂಸು ಹಿಡಿದ ಗೆಣಸನ್ನು "ದನ ತಿನ್ನಲಿ ಬಿಡು" ಅಂತ ಹಾಕಲೇಬಾರದು. ದನದ ಪುಪ್ಪುಸ ಕೆಟ್ಟು ಉಸಿರು ಕಟ್ಟಿ ಸಾಯುತ್ತದೆ.

ಬಳ್ಳಿ ಎತ್ತುವ ವಿಷಯದಲ್ಲಿ ನಮ್ಮಲ್ಲಿ ಜಗಳವೇ ಇದೆ. ಗೆಣ್ಣಿನಲ್ಲಿ ಬೇರು ಬಿಟ್ಟು ಸಣ್ಣ ಗಡ್ಡೆಗಳಾಗಿ ಸತ್ವ ಹಂಚಿಹೋಗಬಾರದೆಂದು ಎತ್ತುವುದು. ಮೆಲ್ಲಗೆ ಎತ್ತಿ ಬಿಟ್ಟರೆ ಸರಿ. ಕೆಲವರು ಬಳ್ಳಿಯನ್ನು ಪೂರ್ತಿ ಮಗುಚಿ ಹಾಕುತ್ತಾರೆ. ಎಲೆ ತಲೆಕೆಳಗಾಗಿ ಬಿಸಿಲು ಸಿಗದೆ, ಅಡುಗೆ ಮಾಡುವವರನ್ನೇ ಉಪವಾಸ ಕೆಡವಿದ ಹಾಗಾಗುತ್ತದೆ.

ಕೀಳುವ ಹೊತ್ತು ತಿಳಿಯಲು ಹಳೆಯ ಉಪಾಯವೇ ಸಾಕು. ಒಂದು ಗಡ್ಡೆ ಕೊಯ್ದು ನೋಡಿ. ಹಾಲು ಒಣಗಿ ಬೆಳ್ಳಗೇ ಉಳಿದರೆ ಬಲಿತಿದೆ, ಕಪ್ಪು ಹಸಿರಿಗೆ ತಿರುಗಿದರೆ ಇನ್ನೂ ಎಳಸು. ಕಿತ್ತ ಗಡ್ಡೆಯನ್ನು ನಾಲ್ಕೈದು ದಿನ ನೆರಳಲ್ಲಿ ಬೆಚ್ಚಗೆ ಹುಲ್ಲು ಮುಚ್ಚಿ ಇಟ್ಟರೆ ಗಾಯ ಮಾಯ್ದು ಸಿಪ್ಪೆ ಗಟ್ಟಿಯಾಗುತ್ತದೆ, ಕೆಲ ದಿನ ಕಳೆದಂತೆ ಸಿಹಿಯೂ ಏರುತ್ತದೆ. ಕುಕ್ಕರಿನಲ್ಲಿ ಕುದಿಸಿದ್ದಕ್ಕಿಂತ ಕೆಂಡದ ಬೂದಿಯಲ್ಲಿ ಹೂತು ಸುಟ್ಟದ್ದು ಸಿಹಿ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ನಿಧಾನ ಕಾವಿಗೆ ಗೆಣಸಿನ ಹಿಟ್ಟು ಸಕ್ಕರೆಯಾಗಲು ಹೊತ್ತು ಸಿಗುತ್ತದೆ, ಅಷ್ಟೇ.

ಹೊಸ ತಳಿಗಳೂ ಬಂದಿವೆ. ಶ್ರೀಕಾರ್ಯಂ ಸಂಸ್ಥೆಯ ಭೂ ಸೋನಾ ಒಳಗೆ ಕಿತ್ತಳೆ ಬಣ್ಣ, ಕಣ್ಣಿಗೆ ಹಿತವಾದ ಎ ಜೀವಸತ್ವ ಅದರಿಂದ ಸಿಗುತ್ತದೆ. ಭೂ ಕೃಷ್ಣಾ ಒಳಗೆ ನೇರಳೆ. ನಮ್ಮ ಪೇಟೆ ಇನ್ನೂ ಕೆಂಪು ಸಿಪ್ಪೆಯನ್ನೇ ಕೇಳುವುದರಿಂದ ಮನೆ ಮಟ್ಟಿಗೆ ಹತ್ತು ಬೋದು ಹಾಕಿ ನೋಡಬಹುದು.

ಇನ್ನು ಸಂಘದ ಮಾತು. ಪೊಟ್ಯಾಷ್ ತುಟ್ಟಿ, ಯಾರೂ ಒಯ್ಯುವುದಿಲ್ಲ ಎಂದು ದಾಸ್ತಾನು ತರಿಸದೆ ಇದ್ದರೆ, ಬೇಕಾದವನೂ ಬರಿಗೈಲಿ ಹೋಗಿ ಯೂರಿಯಾ ಒಯ್ಯುತ್ತಾನೆ. ಮೇ ತಿಂಗಳೊಳಗೆ ಗೆಣಸಿನ ಎಕರೆ ಲೆಕ್ಕ ಬರೆದುಕೊಂಡು ಅಷ್ಟಕ್ಕೆ ಪೊಟ್ಯಾಷ್ ತರಿಸಿ, ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ನಾಲ್ಕಾರು ಸಣ್ಣ ರೈತರು ಒಂದು ಚೀಲ ಹಂಚಿಕೊಳ್ಳುವಂತೆ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ, ಆಡಳಿತ ಮಂಡಳಿಯ ಮುಂದೂ ಇದನ್ನೇ ಇಟ್ಟಿದ್ದೇವೆ. ಇನ್ನೊಂದು ದಾರಿಯೂ ಇದೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ರೊಚ್ಚನ್ನು ಸುಟ್ಟ ಬೂದಿಯಿಂದ ನೂರಕ್ಕೆ 14.5 ಪೊಟ್ಯಾಷ್ ಇರುವ ಗೊಬ್ಬರ ಮಾಡುತ್ತಾರೆ. 2021ರಲ್ಲಿ ಸರಕಾರ ಅದನ್ನು ಸಬ್ಸಿಡಿ ಪಟ್ಟಿಗೆ ಸೇರಿಸಿತು. ಸಕ್ಕರೆ ಕಾರ್ಖಾನೆಗಳೇ ತುಂಬಿದ ಜಿಲ್ಲೆ ನಮ್ಮದು. ಆದರೆ ಚೀಲದ ಬೆಲೆ ಕಡಿಮೆ ಎಂದು ಮೋಸ ಹೋಗಬಾರದು. ಅದರ 50 ಕಿಲೋ ಚೀಲದಲ್ಲಿ ಏಳೂಕಾಲು ಕಿಲೋ ಪೊಟ್ಯಾಷ್, ಕೆಂಪು ಪೊಟ್ಯಾಷ್ ಚೀಲದಲ್ಲಿ 30 ಕಿಲೋ. ಬೆಲೆಯನ್ನು ಆ ಕಿಲೋದಿಂದ ಭಾಗಿಸಿ ನೋಡಿ ಒಯ್ಯಬೇಕು.

ಅದಕ್ಕೂ ಮೊದಲು ನಿಮ್ಮ ನೆಲದಲ್ಲಿ ಪೊಟ್ಯಾಷ್ ಎಷ್ಟಿದೆ ಗೊತ್ತಾಗಬೇಕು. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದಾಗ ಸಿಕ್ಕ ಚೀಟಿ ಹಲವರ ಮನೆಯಲ್ಲಿ ಜಂತಿಗೆ ಸಿಕ್ಕಿಸಿಯೇ ಇದೆ. ಅದನ್ನು ತೆಗೆದು ಪೊಟ್ಯಾಷ್ ಸಾಲಿನಲ್ಲಿ ಏನು ಬರೆದಿದೆ ನೋಡಿರಿ. ಇಲ್ಲದವರು ಬೇಸಿಗೆಯಲ್ಲಿ, ಗೊಬ್ಬರ ಹೊಡೆಯುವ ಮೊದಲೇ ಹೊಸದಾಗಿ ಮಣ್ಣು ತೆಗೆಯಿರಿ. ತಿಪ್ಪೆ ಇದ್ದ ಜಾಗ, ಬದುವಿನ ಬುಡ, ಮರದ ನೆರಳು ಬಿಟ್ಟು, ಒಂದು ಹೊಲದ ಎಂಟು ಹತ್ತು ಕಡೆ ಗೇಣು ಆಳದವರೆಗಿನ ಮಣ್ಣು ತೆಗೆದು, ಕೂಡಿಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಬಟ್ಟೆಯ ಚೀಲದಲ್ಲಿ ತನ್ನಿರಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತರಬೇಡಿ, ಚೀಲಕ್ಕೆ ಅಂಟಿದ ಗೊಬ್ಬರ ಸೇರಿ ಲೆಕ್ಕ ತಪ್ಪುತ್ತದೆ.